ಇಬ್ಬರು, ಒಂದು ಬೋಟ್, ಐದು ಮೀನು: ಗಂಟರ್ಸ್‌ವಿಲ್ ಹಿನ್ನೀರಿನಲ್ಲಿ ಬಾಸ್ ಟೂರ್ನಮೆಂಟ್

ಬಾಸ್ ಅನ್ನುವುದು ಅಮೆರಿಕದ ಸಿಹಿನೀರಿನ ಮೀನು. ಅದನ್ನು ಗಾಳ ಹಾಕಿ ಹಿಡಿಯುವ ಟೀಮ್ ಟೂರ್ನಮೆಂಟ್‌ನ ಮುಖ್ಯ ನಿಯಮ ಒಂದೇ ಸಾಲಿನದು. ಬೋಟ್‌ನಲ್ಲಿ ಇಬ್ಬರು, ತೂಕಕ್ಕೆ ಐದು ಮೀನು. ತಲೆಗೆ ಐದಲ್ಲ, ಬೋಟ್‌ಗೆ ಐದು. ದಿನವಿಡೀ ನಲವತ್ತು ಹಿಡಿದರೂ ತಕ್ಕಡಿಗೆ ಹೋಗುವುದು ಅದರಲ್ಲಿ ಭಾರವಾದ ಐದು ಮಾತ್ರ. ಯಾರ ಗಾಳಕ್ಕೆ ಬಿತ್ತು ಅಂತ ಯಾರೂ ಕೇಳುವುದಿಲ್ಲ.

ನನ್ನ ಜೊತೆ ಆಡುವವರು ಭಾವ, ಅಂದರೆ ಹೆಂಡತಿಯ ಅಣ್ಣ. ಬೋಟ್ ಅವರದ್ದು. ನಾನು ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಇಂಜಿನಿಯರ್ ಕೆಲಸದಲ್ಲಿದ್ದೇನೆ, ಅವರೂ ಅಷ್ಟೇ. ಅವರು ಚಿಕ್ಕಂದಿನಲ್ಲಿ ತುಂಗೆಯಲ್ಲಿ ಗಾಳ ಹಾಕಿದವರು. ನಾನು ಇಲ್ಲಿಗೆ ಬಂದ ಮೇಲೆಯೇ ಕೋಲು ಹಿಡಿದವನು. ಶುರುವಿನಲ್ಲಿ ಅವರು ಏನು ಎಸೆಯುತ್ತಾರೋ ಅದನ್ನೇ ನಾನೂ ಎಸೆಯುತ್ತಿದ್ದೆ. ಒಂದು ದಿನ ತಿರುಗಿ ನೋಡಿ ಹೇಳಿದರು: "ಏನಯ್ಯಾ, ನಾನು ಮಾಡಿದ್ದನ್ನೇ ನೀನೂ ಮಾಡೋದಾದ್ರೆ ನಿನ್ನನ್ನ ಯಾಕೆ ಕರ್ಕೊಂಡು ಬರ್ಲಿ? ಆ ಜಾಗದಲ್ಲಿ ಐಸ್ ಡಬ್ಬಿ ಇಡ್ತಿದ್ದೆ." ನಮ್ಮ ಟೀಮ್ ಹೇಗೆ ಆಡುತ್ತದೆ ಅನ್ನುವುದೆಲ್ಲ ಆ ಮಾತಿನಿಂದ ಬಂದದ್ದು.

ಮೊದಲು ಕೆರೆಯ ವಿಷಯ. ಕೆರೆ ಅಂದರೂ ಇದು ಅಣೆಕಟ್ಟಿನ ಹಿನ್ನೀರು. ಟೆನೆಸಿ ನದಿಗೆ ಅಡ್ಡಲಾಗಿ ಟಿವಿಎ (ಟೆನೆಸಿ ವ್ಯಾಲಿ ಅಥಾರಿಟಿ) ಅನ್ನುವ ಸರ್ಕಾರಿ ಸಂಸ್ಥೆ ಕಟ್ಟಿದ ಗಂಟರ್ಸ್‌ವಿಲ್ ಅಣೆಕಟ್ಟು 1939ರಲ್ಲಿ ಮುಗಿಯಿತು. ಸುಮಾರು 69,000 ಎಕರೆ ನೀರು, ಅಲಬಾಮಾ ರಾಜ್ಯದಲ್ಲೇ ದೊಡ್ಡದು. ಮೇಲಿನ ನಿಕಾಜ್ಯಾಕ್ ಅಣೆಕಟ್ಟಿನಿಂದ ಕೆಳಗಿನ ಗಂಟರ್ಸ್‌ವಿಲ್ ಅಣೆಕಟ್ಟಿನವರೆಗೆ ಸುಮಾರು 75 ಮೈಲಿ ಉದ್ದ. ಸರಕು ಸಾಗಿಸುವ ಬಾರ್ಜ್‌ಗಳು ಓಡಾಡಬೇಕು ಅಂತ ನೀರಿನ ಮಟ್ಟವನ್ನು ಹೆಚ್ಚು ಏರಿಳಿಸುವುದಿಲ್ಲ. ಬೇಸಿಗೆಗೂ ಚಳಿಗಾಲಕ್ಕೂ ಎರಡು ಅಡಿ ವ್ಯತ್ಯಾಸ, ಅಷ್ಟೇ. ಮಟ್ಟ ಹೀಗೆ ನಿಂತಿರುವುದರಿಂದ ಹೈಡ್ರಿಲ್ಲಾ, ಮಿಲ್‌ಫಾಯಿಲ್ ಅನ್ನುವ ನೀರುಕಳೆ ಎಕರೆಗಟ್ಟಲೆ ಹಬ್ಬಿದೆ. ದಡದಲ್ಲಿ ಮನೆ ಇರುವವರು ಅದನ್ನು ಬೈಯುತ್ತಾರೆ. ಮೀನು ಹಿಡಿಯುವವರಿಗೆ ಅದೇ ಬಂಡವಾಳ. ಕಳೆಯೊಳಗೆ ಸಣ್ಣ ಮೀನು ಇರುತ್ತದೆ, ಅದನ್ನು ತಿನ್ನಲು ಲಾರ್ಜ್‌ಮೌತ್ ಬಾಸ್ ಅಂಚಿನಲ್ಲಿ ಹೊಂಚು ಹಾಕುತ್ತದೆ.

ಇಲ್ಲಿ ಲಾರ್ಜ್‌ಮೌತ್ 15 ಇಂಚು ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು. ಬಾಯಿ ಮುಚ್ಚಿ, ಬಾಲ ಒತ್ತಿ ಹಿಡಿದು ಅಳೆಯಬೇಕು. 15 ಇಂಚಿನ ಮೀನು ಎರಡು ಪೌಂಡ್ ಆಸುಪಾಸು ತೂಗುತ್ತದೆ. ಅಂಥ ಐದು ಸಿಕ್ಕರೆ ಹತ್ತು ಪೌಂಡ್. ವಸಂತದಲ್ಲಿ ಇಲ್ಲಿ ಹತ್ತು ಪೌಂಡ್ ತಂದವರನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಪ್ಪತ್ತು ದಾಟಿದರೂ ಎಷ್ಟೋ ಸಲ ಬಹುಮಾನದ ಹಣ ಬರುವುದಿಲ್ಲ. ಬಾಸ್ ಹಿಡಿಯುವವರ ದೊಡ್ಡ ಸ್ಪರ್ಧೆಯಾದ ಬಾಸ್‌ಮಾಸ್ಟರ್ ಕ್ಲಾಸಿಕ್ 2014ರಲ್ಲಿ ಇಲ್ಲೇ ನಡೆದಾಗ ರ್‍ಯಾಂಡಿ ಹೊವೆಲ್ ಕೊನೆಯ ದಿನ 29 ಪೌಂಡ್ 2 ಔನ್ಸ್ ತಂದು ಗೆದ್ದರು. ಅದರಲ್ಲಿ ಹೆಚ್ಚಿನದು ಸ್ಪ್ರಿಂಗ್ ಕ್ರೀಕ್ ಸೇತುವೆಯ ಕಲ್ಲುಗಳ ಹತ್ತಿರ ಬಿದ್ದದ್ದು.

ಆ ಸೇತುವೆ ಯಾಕೆ ಅನ್ನುವುದನ್ನು ತಿಳಿದುಕೊಂಡರೆ ಇಲ್ಲಿನ ಮಾರ್ಚ್ ತಿಂಗಳು ಅರ್ಧ ಅರ್ಥವಾದಂತೆ. ಕೊಲ್ಲಿಯಂಥ ಎಷ್ಟೋ ಕ್ರೀಕ್‌ಗಳಿಗೆ ಅಡ್ಡಲಾಗಿ ರಸ್ತೆಯ ಏರಿ ಹಾಕಿದ್ದಾರೆ. ಬ್ರೌನ್ಸ್ ಕ್ರೀಕ್, ಸ್ಪ್ರಿಂಗ್ ಕ್ರೀಕ್ ಎಲ್ಲ ಹಾಗೆಯೇ. ನೀರು, ಮೀನು ಎರಡೂ ಒಳಗೆ ಹೊರಗೆ ಹೋಗುವುದಕ್ಕೆ ಸೇತುವೆ ಕೆಳಗಿನ ಕಿಂಡಿಯೊಂದೇ ದಾರಿ. ಮೊಟ್ಟೆ ಇಡಲು ಆಳವಿಲ್ಲದ ಜಾಗಕ್ಕೆ ಹೊರಟ ಮೀನು ಆ ಕಿಂಡಿಯ ಬಳಿ ತಂಗುತ್ತದೆ. ಏರಿಯ ಕಲ್ಲುಗಳು ಬಿಸಿಲಿಗೆ ಬೇಗ ಕಾಯುತ್ತವೆ, ಸಂದಿಯಲ್ಲಿ ಸಿಗಡಿಯಂಥ ಕ್ರಾಫಿಶ್ ಇರುತ್ತದೆ. ಬೇರೆ ಬೋಟ್‌ನವರಿಗೂ ಇದು ಗೊತ್ತಿರುತ್ತದೆ, ಬಿಡಿ. ಶನಿವಾರ ಬೆಳಿಗ್ಗೆ ಅಲ್ಲಿ ಸರದಿ ಸಾಲೇ ಇರುತ್ತದೆ.

ಇನ್ನು ಇಬ್ಬರು ಕೆಲಸ ಹಂಚಿಕೊಳ್ಳುವ ವಿಷಯ. ಮುಂದೆ ನಿಂತವರು ಬೋಟನ್ನು ನಿಧಾನವಾಗಿ ನಡೆಸುವ ಸಣ್ಣ ಟ್ರೋಲಿಂಗ್ ಮೋಟರ್ ತುಳಿಯುತ್ತಾರೆ. ಯಾರೂ ಮುಟ್ಟದ ನೀರಿಗೆ ಮೊದಲು ಎಸೆಯುವವರೂ ಅವರೇ. ಹಿಂದೆ ನಿಂತ ನನಗೆ ಸಿಗುವುದು ಅವರ ಲೂರ್ (ಗಾಳದ ನಕಲಿ ಎರೆ) ಆಗಲೇ ಹಾದುಹೋದ ಜಾಗ. ಅಲ್ಲಿ ಮತ್ತೆ ಅದನ್ನೇ ಎಸೆದರೆ ಅದಕ್ಕೆ ಕಚ್ಚುವ ಮೀನು ಉಳಿದಿರುವುದಿಲ್ಲ. ಆದ್ದರಿಂದ ಭಾವ ವೇಗವಾಗಿ ಹೋಗುವ, ಮೀನಿನಾಕಾರದ ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಎಳೆದರೆ ನಾನು ತಲೆಗೆ ಭಾರವಿರುವ ಜಿಗ್ ಅನ್ನುವ ಲೂರನ್ನು ತಳದಲ್ಲಿ ನಿಧಾನವಾಗಿ ಎಳೆಯುತ್ತೇನೆ. ಅವರು ದಡದ ಕಡೆ ಎಸೆದರೆ ನಾನು ಆಳದ ಕಡೆ. ಬಣ್ಣದಲ್ಲಿ ಮಾತ್ರ ವ್ಯತ್ಯಾಸ ಮಾಡಿಕೊಂಡು ಬೇರೆ ಪ್ರಯತ್ನ ಅಂದುಕೊಳ್ಳುವ ಟೀಮ್‌ಗಳಿವೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮೊದಲು ಆಳ ಬೇರೆ ಇರಬೇಕು, ಆಮೇಲೆ ವೇಗ. ಬಣ್ಣದ ಮಾತು ಕೊನೆಗೆ.

ಒಬ್ಬರಿಗೆ ಒಂದು ಮೀನು ಬಿತ್ತು ಅಂತ ಇನ್ನೊಬ್ಬರು ತಕ್ಷಣ ಲೂರ್ ಬದಲಿಸಬಾರದು. ಒಂದು ಮೀನು ದಾರಿ ತಪ್ಪಿ ಬಂದದ್ದಿರಬಹುದು. ಎಷ್ಟು ಆಳ, ಕಳೆಯಿಂದ ಎಷ್ಟು ದೂರ, ಎಳೆಯುವಾಗ ಕಚ್ಚಿತೋ ನಿಲ್ಲಿಸಿದಾಗಲೋ, ಅದನ್ನು ಜೋರಾಗಿ ಹೇಳಿಕೊಳ್ಳುತ್ತೇವೆ. ಅದೇ ರೀತಿಯಲ್ಲಿ ಎರಡನೆಯದು ಬಿದ್ದರೆ ಆಗ ಇಬ್ಬರೂ ಅದಕ್ಕೇ. ಅಲ್ಲಿಯವರೆಗೆ ನನಗೆ ಏನೂ ಬೀಳದೆ ಇದ್ದರೂ ನಾನು ದಂಡಕ್ಕೆ ನಿಂತಿಲ್ಲ. ಜಿಗ್‌ಗೆ ಇವತ್ತು ಕಚ್ಚುತ್ತಿಲ್ಲ ಅನ್ನುವುದೂ ಟೀಮ್‌ಗೆ ಬೇಕಾದ ಸುದ್ದಿಯೇ ಅಲ್ವಾ?

ಬೇಸಿಗೆಯಲ್ಲಿ ಆಟವೇ ಬೇರೆ. ಜೂನ್ ಹೊತ್ತಿಗೆ ದೊಡ್ಡ ಮೀನು ಹಳೆಯ ನದಿ ಪಾತ್ರದ ಅಂಚಿಗೆ ಹೋಗಿ ಗುಂಪು ಕಟ್ಟುತ್ತದೆ. ಇದಕ್ಕೆ ಲೆಡ್ಜ್ ಅನ್ನುತ್ತಾರೆ. ನದಿ ಪಾತ್ರ ಮುಳುಗಿದೆ, ಆದರೆ ಅದರ ದಂಡೆ ನೀರಿನ ಕೆಳಗೆ ಹಾಗೆಯೇ ಇದೆ. ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಿಸಲು ನೀರು ಬಿಟ್ಟಾಗ ಹಿನ್ನೀರಿನಲ್ಲಿ ಸೆಳೆತ ಹುಟ್ಟುತ್ತದೆ. ಸೆಳೆತ ಬಂದರೆ ಆ ಗುಂಪು ದಂಡೆಗೆ ಅಂಟಿಕೊಂಡು, ಹರಿವಿಗೆ ಎದುರು ಮುಖ ಮಾಡಿ, ತಿನ್ನಲು ಬರುವ ಶ್ಯಾಡ್ ಅನ್ನುವ ಸಣ್ಣ ಮೀನಿಗೆ ಕಾಯುತ್ತದೆ. ಸೆಳೆತ ಇಲ್ಲದಿದ್ದರೆ ಸುಮ್ನೆ ನಡುನೀರಿನಲ್ಲಿ ತೇಲುತ್ತಿರುತ್ತದೆ. ಸೋನಾರ್ ಪರದೆಯಲ್ಲಿ ರಾಶಿ ರಾಶಿ ಕಾಣುತ್ತದೆ, ಒಂದೂ ಬಾಯಿ ತೆರೆಯುವುದಿಲ್ಲ. ಎಷ್ಟು ಹೊತ್ತಿಗೆ ಎಷ್ಟು ನೀರು ಬಿಡುತ್ತೇವೆ ಅಂತ ಟಿವಿಎ ತನ್ನ ಆ್ಯಪ್‌ನಲ್ಲಿ ಮೊದಲೇ ಹಾಕುತ್ತದೆ. ಹಿಂದಿನ ರಾತ್ರಿ ನಾವು ಹವಾಮಾನಕ್ಕಿಂತ ಮೊದಲು ನೋಡುವುದು ಅದನ್ನು.

ಅಂಥ ಒಂದು ಜೂನ್ ದಿನ. ನೀರು ಹತ್ತರ ಹೊತ್ತಿಗೆ ಬಿಡುತ್ತಾರೆ ಅಂತ ಇತ್ತು. ಅಲ್ಲಿಯವರೆಗೆ ಕಳೆಯ ಅಂಚಿನಲ್ಲಿ ಅಳತೆಗೆ ಸಾಕಾಗುವ ಮೀನು ಕೂಡಿಹಾಕುವುದು, ಆಮೇಲೆ ಲೆಡ್ಜ್‌ಗೆ ಹೋಗುವುದು ಅಂತ ಮಾತಾಗಿತ್ತು. ಯಾವ ಲೆಡ್ಜ್ ಅಂತ ಬರೆಯುವುದಿಲ್ಲ, ಬರೆದರೆ ಭಾವ ಮನೆಗೆ ಬರುವುದು ಬಿಡುತ್ತಾರೆ. ಒಂಬತ್ತೂವರೆಗೆ ಲೈವ್‌ವೆಲ್‌ನಲ್ಲಿ, ಅಂದರೆ ಬೋಟ್‌ನೊಳಗಿನ ಮೀನಿನ ತೊಟ್ಟಿಯಲ್ಲಿ, ನಾಲ್ಕು ಸಣ್ಣವು. ಭಾವನಿಗೆ ಐದನೆಯದು ಹಿಡಿದೇ ಹೊರಡುವ ಆಸೆ. ನಾನು ಬಾರ್ಜ್‌ಗಳ ದಾರಿ ಗುರುತಿಸಲು ನೀರಿನಲ್ಲಿ ತೇಲಿಬಿಟ್ಟ ಬಾಯ್ ಒಂದನ್ನು ತೋರಿಸಿದೆ.

"ಭಾವ, ಆ ಬಾಯ್ ನೋಡಿ, ಹೇಗೆ ವಾಲಿದೆ. ನೀರು ಬಿಟ್ಟಿದ್ದಾರೆ."

"ಹತ್ತಕ್ಕೆ ಅಂದಿದ್ರಲ್ಲೋ?"

"ಬೇಗ ಬಿಟ್ಟಿರ್ಬೇಕು. ಹೊರಡೋಣ."

ಬಾಯ್‌ಗಳು ಸೆಳೆತಕ್ಕೆ ವಾಲುವುದು ನಿಜಕ್ಕೂ ಆ್ಯಪ್‌ಗಿಂತ ಒಳ್ಳೆ ಗಡಿಯಾರ. ನಾವು ಲೆಡ್ಜ್ ದಾಟಿ ಹರಿವಿನ ಕೆಳಗಡೆ ಬೋಟ್ ನಿಲ್ಲಿಸಿ ಹರಿವಿಗೆ ಎದುರಾಗಿ ಎಸೆದೆವು. ಹೀಗೆ ಎಸೆದರೆ ಲೂರ್ ಹರಿವಿನ ಜೊತೆಗೇ ಬರುತ್ತದೆ, ನಿಜವಾದ ಶ್ಯಾಡ್ ಬಂದಂತೆಯೇ ಮೀನಿನ ಮುಂದೆ ಹಾದುಹೋಗುತ್ತದೆ. ಭಾವ ಆಳಕ್ಕೆ ಇಳಿಯುವ ದೊಡ್ಡ ಕ್ರ್ಯಾಂಕ್‌ಬೇಟ್ ಹಾಕಿದರು. ಅದು ತಳದ ಚಿಪ್ಪಿನ ರಾಶಿಗೆ ಬಡಿದು ಪಕ್ಕಕ್ಕೆ ಹಾರಿದಾಗ ಮೊದಲನೆಯದು ಕಚ್ಚಿತು.

ಇಲ್ಲಿ ಇಬ್ಬರಿಗೂ ಇಕ್ಕಟ್ಟು. ಒಂದು ಮೀನು ಕಚ್ಚಿಕೊಂಡು ಒದ್ದಾಡುವಾಗ ಗುಂಪು ಪೂರ್ತಿ ರೊಚ್ಚಿಗೇಳುತ್ತದೆ. ಆಗಲೇ ಇನ್ನೊಬ್ಬರು ಅದೇ ಸಾಲಿಗೆ ಎಸೆಯಬೇಕು. ಆದರೆ ಮೀನು ಎತ್ತಲು ಕೈಬಲೆ ಹಿಡಿಯಬೇಕಾದವರೂ ಅವರೇ. ಹಾಗಾಗಿ ಒಂದು ಒಪ್ಪಂದವಿದೆ. ಮೂರು ಪೌಂಡ್ ಒಳಗಿನದು ಅನ್ನಿಸಿದರೆ ಹಿಡಿದವರೇ ಎತ್ತಿ ಹಾಕಿಕೊಳ್ಳಬೇಕು. "ಬಲೆ!" ಅಂತ ಕೂಗಿದರೆ ಮಾತ್ರ ಇನ್ನೊಬ್ಬರು ಕೋಲು ಬಿಟ್ಟು ಬರಬೇಕು, ಅವರ ಗಾಳದಲ್ಲೂ ಮೀನಿದ್ದರೆ ಮಾತ್ರ ಬೇಡ. ಬಲೆಯನ್ನು ಮೀನಿನ ಹಿಂದೆ ಓಡಿಸಬಾರದು. ನೀರಿನಲ್ಲಿ ಇಳಿಸಿ ಇಟ್ಟುಕೊಳ್ಳಬೇಕು, ಹಿಡಿದವರು ತಲೆ ಮುಂದಾಗಿ ಅದರೊಳಗೆ ತರಬೇಕು. ಲೂರ್‌ನ ಹೊರಗಿನ ಕೊಕ್ಕೆ ಬಲೆಗೆ ಸಿಕ್ಕಿಕೊಂಡರೆ ಮೀನು ಒಂದೇ ಕೊಸರಿಗೆ ಹೋಗುತ್ತದೆ. ಅವತ್ತು ಭಾವ ಕೂಗಿದ್ದು ಎರಡೇ ಸಲ. ಎರಡೂ ಐದು ಪೌಂಡ್ ಮೇಲಿನವು.

ಐದು ತುಂಬಿದ ಮೇಲೆ ಆರನೆಯದು ಬಂದರೆ ಒಂದನ್ನು ಬಿಡಬೇಕು. ಇದಕ್ಕೆ ಕಲ್ ಮಾಡುವುದು ಅನ್ನುತ್ತಾರೆ. ಪ್ರತಿ ಮೀನಿನ ತುಟಿಗೆ ಬಣ್ಣದ ಕ್ಲಿಪ್, ಎಲ್ಲಕ್ಕಿಂತ ಹಗುರದ್ದು ಯಾವ ಬಣ್ಣ ಅನ್ನುವುದು ಇಬ್ಬರಿಗೂ ನೆನಪಿರಬೇಕು. ಹೊಸದನ್ನು ಅದರ ಜೊತೆ ಮಾತ್ರ ತೂಗಿ ನೋಡಿದರೆ ಸಾಕು. ಎಲ್ಲವನ್ನೂ ಹೊರತೆಗೆದು ಮತ್ತೆ ಮತ್ತೆ ತೂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಮಯವೂ ದಂಡ, ಮೀನಿಗೂ ಹಿಂಸೆ.

ಮೀನನ್ನು ಜೀವಂತ ಇಡುವುದು ಹಿಂದೆ ನಿಂತವನ ಕೆಲಸ, ಅಂದರೆ ನನ್ನದು. ನಮ್ಮ ಟ್ರೇಲ್‌ನಲ್ಲಿ, ಅಂದರೆ ಟೂರ್ನಮೆಂಟ್ ಸರಣಿಯಲ್ಲಿ, ಸತ್ತ ಪ್ರತಿ ಮೀನಿಗೂ 4 ಔನ್ಸ್ ಕಡಿತ. ಅದು ಹೋಗಲಿ, ತೂಗಿದ ಮೇಲೆ ಬದುಕಿ ವಾಪಸ್ ಹೋಗಬೇಕಾದ ಮೀನು ಅದು. 1972ರಲ್ಲಿ ಬಾಸ್ (B.A.S.S.) ಅನ್ನುವ ಮೀನುಗಾರರ ಸಂಸ್ಥೆಯ ಸ್ಥಾಪಕ ರೇ ಸ್ಕಾಟ್ ಹಿಡಿದು ಬಿಡುವ ಪದ್ಧತಿಯನ್ನು ಟೂರ್ನಮೆಂಟ್‌ಗೆ ತಂದರು. ಅಲ್ಲಿಂದ ಇದು ಈ ಆಟದ ಮರ್ಯಾದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೆ ಬೇಸಿಗೆಯಲ್ಲಿ ಕೆರೆಯ ನೀರನ್ನು ಸತತವಾಗಿ ಒಳಗೆ ಬಿಟ್ಟುಕೊಳ್ಳದೆ, ಒಳಗಿರುವುದನ್ನೇ ಸುತ್ತಿಸಿ, ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಐಸ್ ಹಾಕಿ ಕೆಲವು ಡಿಗ್ರಿ ತಣ್ಣಗಿಡುತ್ತೇನೆ. ಒಮ್ಮೆಗೇ ಜಾಸ್ತಿ ತಣ್ಣಗೆ ಮಾಡಿದರೂ ಮೀನಿಗೆ ಪೆಟ್ಟು. ಆಳದಿಂದ ಬಂದ ಮೀನಿನ ಗಾಳಿಚೀಲ ಉಬ್ಬಿ ಕೆಲವು ಸಲ ಅದು ಮಗುಚಿ ತೇಲುತ್ತದೆ. ಆಗ ಕೆಳಗಿನ ರೆಕ್ಕೆಗಳಿಗೆ ತೂಕದ ಕ್ಲಿಪ್ ಹಾಕಿ ನೆಟ್ಟಗೆ ನಿಲ್ಲಿಸುತ್ತೇನೆ. ಸೂಜಿ ಚುಚ್ಚಿ ಗಾಳಿ ತೆಗೆಯುವವರಿದ್ದಾರೆ. ಗೊತ್ತಿದ್ದವರ ಕೈಯಲ್ಲಿ ಕಲಿಯದೆ ಅದಕ್ಕೆ ಹೋಗಬೇಡಿ.

ವಾಪಸ್ ಬರುವ ಹೊತ್ತು. ತಡವಾದರೆ ನಿಮಿಷಕ್ಕೆ ಒಂದು ಪೌಂಡ್ ದಂಡ, ಇನ್ನೂ ತಡವಾದರೆ ಆಟದಿಂದಲೇ ಹೊರಗೆ. ಬಾರ್ಜ್ ದಾರಿಯ ಗುರುತು ಬಿಟ್ಟು ಅಡ್ಡದಾರಿ ಹಿಡಿದರೆ ಮುಳುಗಿದ ಮರದ ಬೊಡ್ಡೆಗಳು ಕಾಯುತ್ತಿರುತ್ತವೆ. ಕೆಂಪು ಹಸಿರು ಬಾಯ್‌ಗಳ ನಡುವೆಯೇ ಬರಬೇಕು, ಎದುರಿಗೆ ಬಾರ್ಜ್ ಬಂದರೆ ಅದರ ಅಲೆಗೆ ವೇಗ ತಗ್ಗಿಸಬೇಕು. ಚಾಲಕ ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗವನ್ನು ಲೈಫ್ ಜಾಕೆಟ್‌ಗೆ ಸಿಕ್ಕಿಸದೆ ಭಾವ ಇಂಜಿನ್ ಚಾಲೂ ಮಾಡುವುದಿಲ್ಲ. 2021ರ ಏಪ್ರಿಲ್‌ನಿಂದ ಚಿಕ್ಕ ಬೋಟ್‌ಗಳಿಗೆ ಅದು ಅಮೆರಿಕದ ಕಾನೂನೂ ಹೌದು.

ಗೆದ್ದವರನ್ನು ಪಾಲಿಗ್ರಾಫ್ (ಸುಳ್ಳು ಪತ್ತೆ) ಪರೀಕ್ಷೆಗೆ ಕೂರಿಸುವ ಟ್ರೇಲ್‌ಗಳಿವೆ. ಹೊಸಬರಿಗೆ ಇದು ನಗು ತರಿಸುತ್ತದೆ. 2022ರಲ್ಲಿ ಈರೀ ಸರೋವರದ ವಾಲೈ ಮೀನಿನ ಟೂರ್ನಮೆಂಟ್‌ನಲ್ಲಿ ಒಂದು ಜೋಡಿ ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕಿ ಸಿಕ್ಕಿಬಿದ್ದಿತ್ತು. ಮುಂದಿನ ವರ್ಷ ತಪ್ಪೊಪ್ಪಿಕೊಂಡು ಜೈಲಿಗೂ ಹೋದರು, ಬೋಟೂ ಹೋಯಿತು. ಪರೀಕ್ಷೆ ಇರುವುದು ಒಳ್ಳೆಯದೇ ಅನ್ನುವವನು ನಾನು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಪ್ರವೇಶ ಶುಲ್ಕ, ಪೆಟ್ರೋಲ್, ಐಸ್ ಅರ್ಧರ್ಧ. ದಿನದ ಅತಿ ದೊಡ್ಡ ಮೀನಿಗೆ ಕೊಡುವ ಬಹುಮಾನದ ಪಾಟ್‌ಗೆ ಬೇರೆ ಹಣ, ಅದನ್ನು ಯಾವತ್ತೂ ಕಟ್ಟುತ್ತೇವೆ. ಈ ಕೆರೆಯಲ್ಲಿ ಬಡ ಟೀಮ್‌ಗೂ ಒಂದು ಎಂಟು ಪೌಂಡಿನದು ಬೀಳಬಹುದು. ಬೋಟ್ ರಿಪೇರಿ ಭಾವನದ್ದು, ಊಟ ನನ್ನದು. ವರ್ಷದ ಕೊನೆಗೆ ಲೆಕ್ಕ ಹಾಕುವುದಿಲ್ಲ, ಹಾಕಿದರೆ ತಂಗಿಗೂ ತೋರಿಸಬೇಕಾಗುತ್ತದೆ ಅಂತ ಭಾವನ ವಾದ.

ನನಗೆ ಎಲ್ಲಕ್ಕಿಂತ ಇಷ್ಟ ಅಕ್ಟೋಬರ್. ಕಳೆ ನೀರಿನ ಮೇಲೆ ಚಾಪೆಯಾಗಿ ಹೆಣೆದುಕೊಂಡಿರುತ್ತದೆ. ಭಾವ ಅದರ ಮೇಲೆ ಕಪ್ಪೆಯಾಕಾರದ ರಬ್ಬರ್ ಲೂರ್ ಎಳೆಯುತ್ತಾರೆ. ಕೆಳಗಿನಿಂದ ಮೀನು ಹಾರಿ ಹೊಡೆಯುತ್ತದೆ, ಅರ್ಧಕ್ಕರ್ಧ ಸಲ ಗುರಿ ತಪ್ಪುತ್ತದೆ. ಹೊಡೆದ ಜಾಗದಲ್ಲಿ ಕಳೆ ಹರಿದು ಒಂದು ತೂತು ಬಿದ್ದಿರುತ್ತದೆ. ನಾನು ಹಿಂದೆ ಒಂದು ಔನ್ಸ್‌ಗಿಂತ ಭಾರದ ಗುಂಡು ಕಟ್ಟಿದ ಪ್ಲಾಸ್ಟಿಕ್ ಲೂರ್ ಹಿಡಿದು ಅದಕ್ಕಾಗಿಯೇ ಕಾಯುತ್ತಿರುತ್ತೇನೆ. ಆ ತೂತಿಗೆ ಎರಡು ಸೆಕೆಂಡಿನಲ್ಲಿ ಬೀಳಿಸಿದರೆ ತಪ್ಪಿಸಿಕೊಂಡ ಮೀನು ಎಷ್ಟೋ ಸಲ ಅದನ್ನೇ ನುಂಗುತ್ತದೆ. ಅದನ್ನು ಕರೆದವರು ತಾವು ಅನ್ನುತ್ತಾರೆ ಭಾವ. ಹಿಡಿದವನು ನಾನು ಅನ್ನುತ್ತೇನೆ ನಾನು. ತಕ್ಕಡಿಯಲ್ಲಿ ಮಾತ್ರ ಬೋಟ್ ನಂಬರ್ ಒಂದೇ ಬರೆದುಕೊಳ್ಳುತ್ತಾರೆ.