ಕುರಿ ಕಣ್ಣು ನೋಡಿ ಹುಳದ ಔಷಧಿ: ನನ್ನ ಅನುಭವ

"ಕಣ್ಣ ನೋಡಿ ಹೊಟ್ಟ್ಯಾಗಿನ ಹುಳಾ ಹೇಳ್ತಿಯೇನೋ?" ಅಂತ ನಮ್ಮ ಕಾಕಾ ನಕ್ಕಿದ್ದರು. ಹೋದ ಮಳೆಗಾಲದಲ್ಲಿ ನನ್ನ 60 ಚಿಲ್ಲರೆ ಕುರಿಗಳಲ್ಲಿ ಸತ್ತಿದ್ದು ಒಂದೇ, ಅದೂ ನಾಯಿ ಕಚ್ಚಿ. ಹಿಂದಿನ ವರ್ಷ ಹನ್ನೊಂದೋ ಹನ್ನೆರಡೋ ಹೋಗಿದ್ದವು. ಈಗ ಕಾಕಾ ತಮ್ಮ ಹಿಂಡನ್ನೂ ನನ್ನ ಹತ್ತಿರ ಹೊಡ್ಕೊಂಡು ಬರ್ತಾರೆ.

ಆ ವರ್ಷ ಕುರಿ ಬಿಳಿಚಿಕೊಂಡು, ದವಡೆ ಕೆಳಗೆ ನೀರು ಇಳಿದಿತ್ತು. ರಕ್ತ ಕಡಿಮೆ ಅಂತ ಕಬ್ಬಿಣದ ಟಾನಿಕ್ ಕುಡಿಸಿದೆ, ಇಂಜೆಕ್ಷನ್ ಹಾಕಿಸಿದೆ. ಐದಾರು ಸಾವಿರ ಹೋಯಿತು. ನಾಲ್ಕು ದಿನ ಚುರುಕಾಗಿ ಮತ್ತೆ ಮಲಗಿದವು. ಸತ್ತ ಒಂದರ ನಾಲ್ಕನೇ ಹೊಟ್ಟೆ ಬಿಚ್ಚಿ ನೋಡಿದರೆ, ಕೆಂಪು ಬಿಳಿ ಎಳೆ ಸೇರಿಸಿ ಹೊಸೆದ ದಾರದಂಥ ಹುಳ, ಗಿಜಿಗಿಜಿ. ಹೀಮಾಂಕಸ್ ಅಂತ ಅದರ ಹೆಸರು. ಆ ಕೆಂಪು ನನ್ನ ಕುರಿಯದೇ ರಕ್ತ. ಒಂದು ಹುಳ ದಿನಕ್ಕೆ 0.05 ಮಿಲಿ ಹೀರುತ್ತೆ. 5000 ಹುಳ ಅಂದ್ರೆ ಕಾಲು ಲೀಟರ್! ರಕ್ತದಲ್ಲಿ ಕಬ್ಬಿಣ ಹಿಡಿದಿರುವ ಹೀಮ್ ಅನ್ನೋದನ್ನ ಅದು ಸ್ವಂತ ಮಾಡಿಕೊಳ್ಳಲಾರದು, ಕುರಿಯದ್ದೇ ಬೇಕು. ನಾನು ಟಾನಿಕ್ ದುಡ್ಡಲ್ಲಿ ಹುಳ ಸಾಕಿದ್ದೆ.

ಮಧ್ಯೆ ಕಬ್ಬಿಣ ಸಿಗಲಿ ಅಂತ ಮೊಳೆ ನೆನೆಸಿದ ನೀರನ್ನೂ ಇಟ್ಟಿದ್ದೆ. ನಗಬೇಡಿ. ಕಪ್ಪತಗುಡ್ಡದ ಕಬ್ಬಿಣ ತುಂಬಿದ ಕೆಮ್ಮಣ್ಣಲ್ಲಿ ಮೇಯುವ ಕುರಿಗೆ ಮೊಳೆ ನೀರು!

ಅಲ್ಬೆಂಡಜೋಲ್ ಅನ್ನೋ ಹುಳದ ಔಷಧಿ ಎಲ್ಲಕ್ಕೂ ಎರಡು ತಿಂಗಳಿಗೊಮ್ಮೆ ಹಾಕ್ತಿದ್ದೆ. ಅದಕ್ಕೆ ಬಗ್ಗದ ಹುಳಗಳೇ ಉಳಿದುಕೊಂಡವು. ಈಗ ಮಳೆ ಶುರುವಾದಾಗಿನಿಂದ ದೀಪಾವಳಿವರೆಗೆ 15 ದಿನಕ್ಕೊಮ್ಮೆ ಬಿಸಿಲಲ್ಲಿ ಕೆಳರೆಪ್ಪೆ ಬಿಡಿಸಿ, ದಕ್ಷಿಣ ಆಫ್ರಿಕಾದವರು ಮಾಡಿದ ಐದು ಬಣ್ಣದ ಕಾರ್ಡಿಗೆ ಹೋಲಿಸ್ತೀನಿ. 1 ಅಂದ್ರೆ ಕಡುಗೆಂಪು, 5 ಅಂದ್ರೆ ಪೂರ್ತಿ ಬಿಳಿಚಿದ್ದು. 4, 5 ಬಂದರೆ ಮಾತ್ರ ಔಷಧಿ. ಮರಿ, ಗಬ್ಬದ ಕುರಿಗಾದರೆ 3ಕ್ಕೂ. ಮೊದಲ ಸಲ ಹದಿನಾಲ್ಕಕ್ಕೋ ಏನೋ ಬೇಕಾಯ್ತು. ಉಳಿದವುಗಳ ಹೊಟ್ಟೆಯಲ್ಲಿ ಔಷಧಿಗೆ ಸಾಯುವ ಹುಳಗಳ ಸಂತಾನ ಉಳಿದಿರಲಿ, ಬಗ್ಗದ ಹುಳಗಳೇ ತುಂಬಿಕೊಳ್ಳೋದು ಬೇಡ ಅಂತ ಸುಮ್ನೆ ಬಿಟ್ಟೆ. ಕಾಕಾಗೆ ಒಪ್ಪಿಗೆಯಾಗದ್ದು ಇದೇ. ಔಷಧಿ ಖರ್ಚು ವರ್ಷಕ್ಕೆ ನಾಲ್ಕು ಸಾವಿರದಿಂದ ಸಾವಿರದ ಚಿಲ್ಲರೆಗೆ ಇಳೀತು.

ಕ್ಲೋಸಾಂಟೆಲ್ ಅನ್ನೋ ಇನ್ನೊಂದು ಹುಳದ ಔಷಧಿ ರಕ್ತದಲ್ಲೇ ಉಳಿಯುತ್ತೆ, ರಕ್ತ ಕುಡಿದ ಹುಳಕ್ಕೆ ವಿಷ ಅದರ ಊಟದಲ್ಲೇ ಸಿಗುತ್ತೆ. ಆದರೆ ತೂಕ ಹಾಕದೆ ಅಂದಾಜಲ್ಲಿ ಜಾಸ್ತಿ ಕೊಟ್ಟು ಒಂದು ಒಳ್ಳೆ ಕುರಿಯ ಕಣ್ಣೇ ಕಳೆದೆ. ಕಣ್ಣು ನೋಡೋಕೆ ಹೋದವನು!

ಒಬ್ಬನೇ 60 ಕುರಿಯ ರೆಪ್ಪೆಯನ್ನ ಮುಕ್ಕಾಲು ಗಂಟೆಯಲ್ಲಿ ಹೇಗೆ ನೋಡ್ತೀನಿ ಅನ್ನೋದನ್ನ ಬರೆಯಲ್ಲ. ಮುಂಡರಗಿ ಕಡೆ ಬಂದರೆ ತೋರಿಸ್ತೀನಿ. ಕೆರೆ ಬದಿ ಮೇಯುವ ಕುರಿ ಬಿಳಿಚಿದ್ದರೆ ಮಾತ್ರ ಈ ಕಾರ್ಡ್ ಒಂದನ್ನೇ ನಂಬಬೇಡಿ. ಪಿತ್ತಜನಕಾಂಗದ ಹುಳಕ್ಕೂ ಕಣ್ಣು ಹೀಗೇ ಬಿಳಿಚುತ್ತೆ. ಹಿಕ್ಕೆ ಪರೀಕ್ಷೆ ಮಾಡಿಸಿ.