‘ಇಲ್ ಪಿಯಾಚೆರೆ’ ಓದುವುದು ಹೇಗೆ? ಸಾಮಾನು ಎಣಿಸುತ್ತಾ ಹೋಗಿ

ಈ ಇಟಾಲಿಯನ್ ಕಾದಂಬರಿಯನ್ನು ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಮೂರನೇ ಸಲ ಮುಗಿಸಿದ್ದು ಕಳೆದ ಮಳೆಗಾಲದಲ್ಲಿ, ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಕೂತು. ಹೇಗೆ ಮುಗಿಸಿದೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗವಾದೀತು.

ಮೊದಲು ಪ್ರತಿಯ ವಿಷಯ. ಗಬ್ರಿಯೆಲೆ ದಾನ್ನುಂತ್ಸಿಯೊ ಇದನ್ನು ಪ್ರಕಟಿಸಿದ್ದು 1889ರಲ್ಲಿ. 1898ರ ಹಳೇ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತದೆ, ಆದರೆ ಬೇಡ. ಅದರಲ್ಲಿ ಎಷ್ಟೋ ಭಾಗ ಕತ್ತರಿಸಿದ್ದಾರೆ, ಕತೆಯ ಹಿಂದುಮುಂದು ಬದಲಿಸಿದ್ದಾರೆ. ನಾನು ಮೊದಲ ಸಲ ಸೋತದ್ದು ಅದರಿಂದಲೇ. 2013ರ ಪೆಂಗ್ವಿನ್ ಅನುವಾದ ತೆಗೆದುಕೊಳ್ಳಿ.

ಇನ್ನು ಒಂದು ನೋಟ್‌ಬುಕ್. ಎಡಬದಿಯಲ್ಲಿ ಸಾಮಾನು, ಬಲಬದಿಯಲ್ಲಿ ಅದು ಯಾರ ಕೈಯಲ್ಲಿತ್ತು ಎಂದು ಬರೆಯಿರಿ. ಕತೆ ಶುರುವಾಗುವುದು 1886ರ ಡಿಸೆಂಬರ್ 31ರಂದು, ರೋಮ್‌ನ ಪಲಾಝೋ ಝುಕ್ಕಾರಿ ಎಂಬ ಹಳೇ ಬಂಗಲೆಯಲ್ಲಿ. ಆಂದ್ರೆಯಾ ಸ್ಪೆರೆಲ್ಲಿ ಎಂಬ ಯುವಕ ತನ್ನ ಹಳೆಯ ಪ್ರೇಯಸಿ ಎಲೆನಾಗೆ ಕಾಯುತ್ತಿದ್ದಾನೆ. ಹೂದಾನಿ ತುಂಬ ಗುಲಾಬಿ, ಒಲೆಯಲ್ಲಿ ಪರಿಮಳದ ಕಟ್ಟಿಗೆ. ಅವನು ನೆನೆಯುವುದು ಹೆಂಗಸನ್ನೋ ಕೋಣೆಯನ್ನೋ ಎಂದು ನಿಮಗೇ ಗೊಂದಲ ಆಗಬೇಕು. ಮುಂದೆ ಒಂದು ಹರಾಜಿನಲ್ಲಿ, ದಂತದಲ್ಲಿ ಕೆತ್ತಿದ ತಲೆಬುರುಡೆಯೊಳಗೆ ಕೂರಿಸಿದ ಗಡಿಯಾರ ಬರುತ್ತದೆ. ಎಲೆನಾ ಹೇಳಿದಳೆಂದು ಅವನು ಕೊಳ್ಳುತ್ತಾನೆ. ಇದನ್ನು ಬರೆದುಕೊಳ್ಳಿ. ಹರಾಜು ಮತ್ತೆ ಬರುತ್ತದೆ.

ಚಿತ್ರಕಾರರ ಹೆಸರು ಬಂದಾಗೆಲ್ಲ ಮೊಬೈಲ್ ತೆಗೆಯಬೇಡಿ. ನಾನು ಎರಡನೇ ಸಲ ಸತ್ತದ್ದು ಅಲ್ಲೇ! ಲೇಖಕ ರೋಮ್‌ನ ‘ಲಾ ತ್ರಿಬುನಾ’ ಪತ್ರಿಕೆಗೆ ಶ್ರೀಮಂತರ ಔತಣ, ನೃತ್ಯ, ಉಡುಗೆಗಳ ಸುದ್ದಿ ಬರೆಯುತ್ತಿದ್ದವನು. ಕಾದಂಬರಿ ಬರೆದಾಗ ಇಪ್ಪತ್ತೈದರ ಆಸುಪಾಸು. ಜಂಬದ ಪಟ್ಟಿ ಅವನಿಗೆ ಅಭ್ಯಾಸ. ಮದುವೆ ಮನೆಯಲ್ಲಿ ಅತ್ತಿಗೆ ಸೀರೆಗಳ ವಿವರ ಕೊಟ್ಟಾಗ ಕೇಳುವ ಹಾಗೆ ಕೇಳಿಸಿಕೊಳ್ಳಿ, ಸಾಕು.

ಆಂದ್ರೆಯಾ ಇಷ್ಟವಾಗಲಿ ಎಂದು ಕಾಯಬೇಡಿ. ಬದುಕನ್ನು ಒಂದು ಕಲಾಕೃತಿಯ ಹಾಗೆ ಕಟ್ಟಬೇಕು ಎಂದು ಅವನಿಗೆ ಅಪ್ಪ ಹೇಳಿಕೊಟ್ಟಿದ್ದಾನೆ. ಕೇಳಲು ಚಂದ, ಅಲ್ವಾ? 1887ರ ಜನವರಿಯಲ್ಲಿ ಆಫ್ರಿಕಾದ ದೋಗಾಲಿಯಲ್ಲಿ ಇಟಲಿಯ ನಾನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಊರೆಲ್ಲ ಗಲಾಟೆ. ಇವನು ಹೇಳುವುದು, ಮೃಗಗಳ ಹಾಗೆ ಸತ್ತ ನಾನೂರು ಮೃಗಗಳಿಗಾಗಿ ಇಷ್ಟೆಲ್ಲಾ ಯಾಕೆ ಎಂದು. ನಾನು ಪುಸ್ತಕ ಮುಚ್ಚಿ ಅಡಿಕೆ ಸುಲಿಯಲು ಹೋದೆ. ಲೇಖಕ ಅವನನ್ನು ಬೈಯುತ್ತಾನೋ ಮುದ್ದಿಸುತ್ತಾನೋ ಗೊತ್ತಾಗುವುದಿಲ್ಲ. ಎರಡೂ ಇದೆ ಅಂತ ನನ್ನ ಅನಿಸಿಕೆ.

ನಡುವೆ ದ್ವಂದ್ವಯುದ್ಧ, ಗಾಯ, ಸಮುದ್ರದ ಬದಿಯ ಬಂಗಲೆ. ಅಲ್ಲಿ ಮರಿಯಾ ಸಿಗುತ್ತಾಳೆ. ಅವಳ ಡೈರಿಯ ಭಾಗವನ್ನು ಮಾತ್ರ ನಿಧಾನಕ್ಕೆ ಓದಿ. ಇಡೀ ಪುಸ್ತಕದಲ್ಲಿ ಬೇರೊಬ್ಬರು ತಮ್ಮ ಬಾಯಲ್ಲೇ ಮಾತಾಡುವುದು ಅಲ್ಲೊಂದೇ ಕಡೆ. ಆಮೇಲೆ ಅವಳನ್ನು ತಬ್ಬಿಕೊಂಡು ಅವನು ಎಲೆನಾಳ ಹೆಸರು ಕರೆದಾಗ ಎದೆ ಧಸಕ್ಕೆನ್ನುವುದು ಆ ಡೈರಿ ಓದಿದವರಿಗೆ.

ಕೊನೆಯ ಅಧ್ಯಾಯವನ್ನು ಒಂದೇ ಕೂತಲ್ಲಿ ಮುಗಿಸಿ. ಮರಿಯಾಳ ಗಂಡ ಜೂಜಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದು, ಅವಳ ಮನೆಯ ಸಾಮಾನೆಲ್ಲ ಹರಾಜಾಗುತ್ತದೆ. ನಮ್ಮ ಕುಟುಂಬದ ಮೂಲಮನೆ, ಅಂದರೆ ತರವಾಡು ಮನೆ, ಪಾಲಾದಾಗ ಅಕ್ಕಿ ತುಂಬಿಡುವ ಮರದ ಪೆಟ್ಟಿಗೆ ಕಲೆಂಬಿಯನ್ನು ಹಳೇ ಸಾಮಾನಿನವನು ಕೊಂಡ. ನಾಲ್ಕು ಜನ ಅದನ್ನು ಓರೆ ಮಾಡಿ ಬಾಗಿಲು ದಾಟಿಸಿದರು. ಸೋದರತ್ತೆ ‘ಮುಚ್ಚಳ ಜಾಗ್ರತೆ’ ಎನ್ನುತ್ತಾ ಪಿಕಪ್ ತನಕ ಹಿಂದೆಯೇ ಹೋದರು. ಮಾರಿ ಆಗಿತ್ತು, ಆದರೂ.

ಆಂದ್ರೆಯಾ ಆ ಹರಾಜಿನಿಂದ ತನ್ನ ಮನೆಗೆ ಬರುತ್ತಾನೆ. ಹಮಾಲಿಗಳು ಒಂದು ಕಪಾಟನ್ನು ಮೆಟ್ಟಿಲು ಹತ್ತಿಸುತ್ತಿದ್ದಾರೆ. ದಾಟಿ ಹೋಗಲು ಜಾಗ ಇಲ್ಲ. ಅವನು ಅದರ ಹಿಂದೆ, ಒಂದೊಂದೇ ಮೆಟ್ಟಿಲು, ಮನೆಯೊಳಗಿನ ತನಕ.