ಶಾಮಿಯಾನ ಕಟ್ಟಿ ಮನೆ ತೋರಿಸಿದ್ದು: ನನ್ನ ಅನುಭವ

"ಸಾರ್, ಇದು ಬೆಡ್‌ರೂಮಾ, ಬಾತ್‌ರೂಮಾ?"

ಕೆಂಗೇರಿ ಕಡೆಯ ಒಂದು 30×40 ಸೈಟು. ಪ್ಲಾನಿನ ಅಳತೆಗೆ ನೆಲದ ಮೇಲೆ ಹಾಕಿದ ಸುಣ್ಣದ ಪುಡಿಯ ಗೆರೆಯೊಳಗೆ ನಿಂತು ಮನೆ ಯಜಮಾನರು ಕೇಳಿದರು. ರೂಮು 10×11 ಅಡಿ. ಪ್ಲಾನಿಗೆ ಅವರೇ ಸಹಿ ಹಾಕಿದ್ದರು.

ಬರೀ ಗೆರೆ ಚಿಕ್ಕದಾಗೇ ಕಾಣುತ್ತೆ, ಮನೆ ಕಟ್ಟಿಕೊಡೋ ನಮಗೆಲ್ಲ ಗೊತ್ತಿರೋದೇ. ಮೇಲೆ ಆಕಾಶ, ಪಕ್ಕದಲ್ಲಿ ಖಾಲಿ ಸೈಟು, ಕಣ್ಣು ಅದಕ್ಕೇ ಹೋಲಿಸುತ್ತೆ. ಗೋಡೆ ಎದ್ದರೆ ಸರಿಹೋಗುತ್ತೆ ಅಂದೆ. ಅವರು ಕೇಳಲಿಲ್ಲ, ನಾನೂ ಗಟ್ಟಿಯಾಗಿ ನಿಲ್ಲಲಿಲ್ಲ. ರೂಮು 12×13 ಆಯಿತು, ಹಾಲ್ ಸೊರಗಿತು. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲಿನ ಮೇಲಂಚಿಗೆ, ಬಂದಾಗ ಸೋಫಾ ಎಲ್ಲಿಡೋದು ಅಂತ ಗಂಡ ಹೆಂಡತಿಗೆ ಜಗಳ. ಒಡೆದು ಕಟ್ಟಿಸಿದ್ದಕ್ಕೆ ಸುಮಾರು 45 ಸಾವಿರ. ಅರ್ಧ ನನ್ನ ಜೇಬಿನಿಂದ.

ಆಮೇಲೆ ಕಂಪ್ಯೂಟರಿನಲ್ಲಿ ಮನೆಯ ತ್ರೀಡಿ ಚಿತ್ರ ಮಾಡಿಸಿದೆ. ಎಲ್ಲರೂ ಕಿಟಕಿ ಪರದೆಯ ಬಣ್ಣ ನೋಡಿದರು, ರೂಮು ಯಾರೂ ನೋಡಲಿಲ್ಲ. ಕಣ್ಣಿಗೆ ಕಟ್ಟಿಕೊಂಡರೆ ಮನೆಯೊಳಗೇ ನಿಂತ ಹಾಗೆ ಕಾಣೋ ವಿಆರ್ ಹೆಡ್‌ಸೆಟ್ ಸೆಕೆಂಡ್ ಹ್ಯಾಂಡ್ ತಂದೆ, 20 ಸಾವಿರ ಚಿಲ್ಲರೆ. ಅದರಲ್ಲಿ ದೂರ ಇರೋದಕ್ಕಿಂತ ಕಮ್ಮಿ ಅನಿಸುತ್ತೆ, ಹಾಗಾಗಿ ರೂಮು ಇನ್ನೂ ಚಿಕ್ಕದು! ಒಬ್ಬರು ಅಜ್ಜಿಗೆ ತಲೆ ಸುತ್ತಿ ಎಳನೀರು ತರಿಸಬೇಕಾಯಿತು. ಈಗ ಅದು ನನ್ನ ಮಗನ ಆಟದ ಸಾಮಾನು.

ಕೊನೆಗೆ ಹೊಳೆದದ್ದು ಶಾಮಿಯಾನದ ಸೈಡ್ ಬಟ್ಟೆ. ಗೆರೆಯ ಮೂಲೆಗಳಿಗೆ ಸರ್ವೆ ಮರದ ಕಂಬ, ನಡುವೆ ಬಟ್ಟೆ, ಬಾಗಿಲಿರೋ ಕಡೆ ಖಾಲಿ. ಬಾಡಿಗೆ ಕಮ್ಮಿ ಅಂತ ಆಷಾಢದಲ್ಲೇ ಇನ್ನೊಂದು ಸೈಟಿನಲ್ಲಿ ಶುರುಮಾಡಿದೆ. "ಮನೆ ಕಟ್ತೀರೋ, ನಾಟಕ ಆಡ್ತೀರೋ ಸಾರ್?" ಅಂದ ಮೇಸ್ತ್ರಿ. ಎದುರು ಮನೆಯವರು ಬಂದು ದನಿ ತಗ್ಗಿಸಿ "ಯಾರು ಹೋದ್ರು?" ಅಂತ ಕೇಳಿದರು. ಮಧ್ಯಾಹ್ನದ ಗಾಳಿಗೆ ಮಾಸ್ಟರ್ ಬೆಡ್‌ರೂಮು ಹಾರಿ ಮೋರಿಗೆ ಬಿತ್ತು. ಶಾಮಿಯಾನದವನಿಗೆ ದಂಡ ಬೇರೆ.

ಎರಡನೇ ಸಲ ಕೆಳಗಂಚಿಗೆ ಸಾಲಾಗಿ ಇಟ್ಟಿಗೆ ಇಟ್ಟೆ. ಯಜಮಾನರ ತಾಯಿ ಚಪ್ಪಲಿ ಬಿಟ್ಟು ಅಡಿಗೆಮನೆಯೊಳಗೆ ಹೋದರು. ಕೈಯಲ್ಲಿ ಪಾತ್ರೆ ಇದೆಯೇನೋ ಅನ್ನೋ ಹಾಗೆ ಒಲೆ ಕಡೆಯಿಂದ ಸಿಂಕ್ ಕಡೆ ತಿರುಗಿದರು. ಸೊಂಟ ಬಟ್ಟೆಗೆ ತಗುಲಿತು. "ಇಲ್ಲಿ ಸೊಸೆ ನಾನು ಇಬ್ಬರೂ ನಿಲ್ಲೋಕಾಗಲ್ಲಪ್ಪ." ತಿಂಗಳಿಂದ ಪ್ಲಾನ್ ನೋಡಿ ತಲೆಯಾಡಿಸಿದ್ದ ಜನ ಅವರು! ಡೈನಿಂಗಿನಿಂದ ಒಂದೂವರೆ ಅಡಿ ತೆಗೆದು ಅಡಿಗೆಮನೆಗೆ ಕೊಟ್ಟೆ. ಬಟ್ಟೆ ಸರಿಸೋಕೆ ಐದು ನಿಮಿಷ.

ಬಟ್ಟೆ ಎಷ್ಟು ಎತ್ತರ ಇರಬೇಕು, ಯಾವ ಬಣ್ಣ ಇರಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ತಪ್ಪಿದರೆ ಮತ್ತೆ ಬಾತ್‌ರೂಮಿನ ಪ್ರಶ್ನೆಯೇ ಬರುತ್ತೆ.

ನಡುವೆ ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದೆ. ಮುಗಿದ ಡೂಪ್ಲೆಕ್ಸ್‌ಗಳಲ್ಲಿ ಮಾಲೀಕರನ್ನೇ ಮಹಡಿಗೆ ಕರೆದೊಯ್ದು, ಮುಂಬಾಗಿಲು ಯಾವ ಕಡೆ, ಕೈ ತೋರಿಸಿ ಅಂದೆ. ಇಪ್ಪತ್ತು ಜನರಲ್ಲಿ ಆರೇಳು ಜನ ಸರಿ ತೋರಿಸಿರಬಹುದು. ಮೆಟ್ಟಿಲು ನಡುವೆ ತಿರುಗುತ್ತಲ್ವಾ, ಅಲ್ಲೇ ದಿಕ್ಕು ತಪ್ಪುತ್ತೆ. ಮೆಜೆಸ್ಟಿಕ್ ಮೆಟ್ರೋದಿಂದ ಮೇಲೆ ಬಂದು ಬಸ್ ಸ್ಟ್ಯಾಂಡ್ ಹುಡುಕೋ ಹಾಗೆ. ಮೆಟ್ಟಿಲಿನ ತಿರುವಿನಲ್ಲಿ ರಸ್ತೆ ಕಾಣೋ ಕಿಟಕಿ ಇದ್ದ ಮನೆಯವರು ಬೇಗ ಹೇಳಿದರು. ಈಗ ಆ ಕಿಟಕಿ ಬಿಡೋದೇ ಇಲ್ಲ.

ಇನ್ನೊಂದು, ಖರ್ಚಿಲ್ಲದ್ದು. ಪ್ಲಾನಿನಲ್ಲಿ ಉತ್ತರ ಮೇಲಿರಬೇಕು ಅನ್ನೋ ಹಟ ಬಿಟ್ಟೆ. ಹಾಳೆ ನೋಡುವವರ ಹೊಟ್ಟೆ ಕಡೆ ರಸ್ತೆ ಬರೋ ಹಾಗೆ ತಿರುಗಿಸಿ ಕೊಡುತ್ತೇನೆ. ಹಿರಿಯರಿಗೆ ಅಳತೆ ಹೇಳಲ್ಲ. "ಆಗ್ನೇಯಕ್ಕೆ ಒಲೆ, ಈಶಾನ್ಯಕ್ಕೆ ದೇವರು" ಅಂದರೆ ಮಿಕ್ಕ ಮನೆಯನ್ನು ಅವರೇ ಜೋಡಿಸಿಕೊಳ್ಳುತ್ತಾರೆ.

ಹತ್ತೋ ಹನ್ನೊಂದೋ ಮನೆ ಹೀಗೆ ಮಾಡಿದ್ದೇನೆ. ಒಂದು ಗೋಡೆಯನ್ನೂ ಒಡೆದಿಲ್ಲ. ಬಾಡಿಗೆ, ಇಬ್ಬರ ಕೂಲಿ ಸೇರಿ ದಿನಕ್ಕೆ ನಾಲ್ಕೂವರೆ, ಐದು ಸಾವಿರ. ಲಗ್ನದ ತಿಂಗಳಲ್ಲಿ ಬಟ್ಟೆ ಸಿಗಲ್ಲ, ಮೊದಲೇ ಹೇಳಿಡಿ. ಆಷಾಢದಲ್ಲಿ ಬಾಡಿಗೆ ಅರ್ಧ. ಇಟ್ಟಿಗೆ ಮಾತ್ರ ಜಾಸ್ತಿ ಇಟ್ಟುಕೊಳ್ಳಿ.